ಇನ್ನೂರ ಹನ್ನೆರಡನೇ ಟೋಕನ್ನಿನ ಮಂತ್ರ

ಹದಿನಾಲ್ಕು ತಿಂಗಳಿಂದ ಉಪೇಂದ್ರನ ಗಂಟಲಲ್ಲಿ ಒಂದು ಮಂತ್ರ ಸಿಕ್ಕಿಹಾಕಿಕೊಂಡಿತ್ತು. ಅಂಥಿಂಥ ಮಂತ್ರವಲ್ಲ. ಒಂದು ಸಲ ಗಟ್ಟಿಯಾಗಿ ಹೇಳಿದರೆ ಸಾಕು, ಹತ್ತಡಿಯೊಳಗಿರುವ ಗೆಳೆಯರನ್ನು ಯಾವ ಬೆಂಕಿಯೂ ಮುಟ್ಟುವಂತಿಲ್ಲ. ಪೀಣ್ಯದ ಅಷ್ಟೂ ಫರ್ನೇಸುಗಳನ್ನು ಒಟ್ಟುಗೂಡಿಸಿ ಅವರ ತಲೆಯ ಮೇಲೆ ಬೋರಲು ಹಾಕಿದರೂ ಮೀಸೆಯ ಒಂದು ಕೂದಲು ಕಂದುವುದಿಲ್ಲ. ಹೇಳಿದವನನ್ನು ಮಾತ್ರ ಅದು ಕಾಯುವುದಿಲ್ಲ. ಉಪೇಂದ್ರನಿಗೆ ಅದರ ಬಗ್ಗೆ ದೂರೇನೂ ಇರಲಿಲ್ಲ. ಅವನ ದೂರು ಬೇರೆ: ಅದನ್ನು ಹೇಳುವ ಸರದಿಯೇ ಅವನಿಗೆ ಬಂದಿರಲಿಲ್ಲ. ಒಂದೇ ಒಂದು ಸಲವೂ ಬಂದಿರಲಿಲ್ಲ. ಈ ಶನಿವಾರವೂ ಬರದಿದ್ದರೆ ಇನ್ನು ಬರುವುದೇ ಇಲ್ಲ. ಏಕೆಂದರೆ ಸೋಮವಾರ ಕೃಷ್ಣಸ್ವಾಮಿಗಳು ಪುಣೆಯ ಶಾಖೆಗೆ ವರ್ಗವಾಗಿ ಹೋಗುತ್ತಿದ್ದರು, ಅವರ ಪೆಟ್ಟಿಗೆಯಲ್ಲಿ ಆಟವೂ ಹೋಗುತ್ತಿತ್ತು.

ಆಟವೆಂದರೆ ಇಸ್ಪೀಟಲ್ಲ, ಕೇರಮ್ಮಲ್ಲ. ಅಂಥ ಆಟ ಆಗ ಇಡೀ ತುಮಕೂರು ರಸ್ತೆಯಲ್ಲಿ, ಬಿಡಿ, ಇಡೀ ಏಷ್ಯಾ ಖಂಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಂಬತ್ತೆರಡರಲ್ಲಿ ಕಾರ್ಖಾನೆಗೆ ಇಂಗ್ಲೆಂಡಿನಿಂದ ಒಂದು ಗೇರ್ ಗ್ರೈಂಡಿಂಗ್ ಮೆಷಿನ್ ಬಂತು. ಅದನ್ನು ಕೂರಿಸಲು ಒಬ್ಬ ಬಿಳಿ ಫಿಟ್ಟರ್ ಬಂದ. ಮೆಷಿನ್ನಿನ ಒಂದು ಪೆಟ್ಟಿಗೆ ಮದರಾಸಿನ ಬಂದರಿನಲ್ಲಿ ಸಿಕ್ಕಿಬಿದ್ದು, ಆ ಮನುಷ್ಯ ಇಪ್ಪತ್ತೆರಡು ದಿನ ಮಾಡಲು ಕೆಲಸವಿಲ್ಲದೆ ಸೊಳ್ಳೆ ಹೊಡೆಯುತ್ತಾ ಕೂತ. ಇನ್ಸ್‌ಪೆಕ್ಷನ್ ವಿಭಾಗದ ಕೃಷ್ಣಸ್ವಾಮಿಗಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಅವರಿಗೆ ಅವನು ಈ ಆಟ ಕಲಿಸಿದ, ಹೋಗುವಾಗ ನಿಯಮದ ಪುಸ್ತಕ ಬಿಟ್ಟುಹೋದ.

ಒಬ್ಬ ಕಥೆ ಹೇಳುತ್ತಾನೆ. ಉಳಿದವರು ಆ ಕಥೆಯೊಳಗೆ ಒಬ್ಬೊಬ್ಬ ಮನುಷ್ಯನಾಗುತ್ತಾರೆ. 'ಗವಿಯಲ್ಲಿ ಕುಳ್ಳ ರಕ್ಕಸರಿದ್ದಾರೆ, ಏನು ಮಾಡ್ತೀರಿ?' ಅಂತ ಕಥೆ ಹೇಳುವವನು ಕೇಳಬೇಕು. 'ಕತ್ತಿ ಬೀಸ್ತೀನಿ' ಅಂತ ಇವರು ಹೇಳಬೇಕು. ಏಟು ಬಿತ್ತೋ ಇಲ್ಲವೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸಬೇಕು. ಸತ್ತರೆ ಸತ್ತೆ. ಇಷ್ಟೇ ಆಟ.

ಬಿಳಿಯ ತನ್ನ ದಾಳವನ್ನು ಜೇಬಿಗೆ ಹಾಕಿಕೊಂಡು ಹೋಗಿದ್ದ. ಅದಕ್ಕೆ ಮಿಲ್ಲಿಂಗ್ ಮೆಷಿನ್ನಿನ ಉಪೇಂದ್ರ ಹಿತ್ತಾಳೆಯಲ್ಲಿ ಇಪ್ಪತ್ತು ಮುಖ ಕಡೆದು ದಾಳ ಮಾಡಿದ. ಕೃಷ್ಣಸ್ವಾಮಿಗಳು ಮೈಕ್ರೋಮೀಟರ್ ಹಿಡಿದು ಒಂದಲ್ಲ, ಎರಡಲ್ಲ, ಹನ್ನೊಂದು ದಾಳ ರಿಜೆಕ್ಟ್ ಮಾಡಿದರು. ಹನ್ನೆರಡನೆಯದು ಪಾಸಾಯಿತು. ಅದರ ಮುಖ ಎಷ್ಟು ನಯವಾಗಿತ್ತೆಂದರೆ ಅದರ ಮೇಲೆ ಕೂತ ನೊಣ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುತ್ತಿತ್ತು.

ಕಥೆ ಹೇಳುವವರು ಕೃಷ್ಣಸ್ವಾಮಿಗಳು, ಆಡುವವರು ನಾಲ್ಕು ಜನ. ಕೆಲಸಕ್ಕೆ ಸೇರಿದ ಕ್ರಮದಲ್ಲಿ ಕಾರ್ಖಾನೆ ಕೊಡುವ ಟೋಕನ್ನಿನಲ್ಲಿ ನಂಬರ್ ಏಳು, ಟರ್ನರ್ ನರಸಿಂಹಯ್ಯ, ಯೂನಿಯನ್ ಕಾರ್ಯದರ್ಶಿ. ಆಟದಲ್ಲಿ ಕತ್ತಿ ಹಿಡಿದ ಭಟ. ಮೂವತ್ತೊಂದು, ಫರ್ನೇಸಿನ ದಾಸಪ್ಪ, ಮಾಕಳಿಯವನು, ಆಟದಲ್ಲಿ ಕಳ್ಳ. ಅರವತ್ತನಾಲ್ಕು, ಸ್ಟೋರ್ಸಿನ ಶ್ಯಾಮಣ್ಣ, ಚೀಟಿಯಿಲ್ಲದೆ ಸ್ವಂತ ಅಪ್ಪನಿಗೂ ಒಂದು ನಟ್ಟು ಕೊಡದವನು, ಆಟದಲ್ಲಿ ಪೂಜಾರಿ. ಕೊನೆಗೆ ಇನ್ನೂರ ಹನ್ನೆರಡು, ನಮ್ಮ ಉಪೇಂದ್ರ, ಮಂತ್ರವಾದಿ. ಶನಿವಾರ ಅರ್ಧ ದಿನ. ಒಂದು ಗಂಟೆಯ ಸೈರನ್ ಆದ ಕೂಡಲೇ ಕಾರ್ಖಾನೆಯ ಕಾಂಪೌಂಡಿಗೆ ಒರಗಿಕೊಂಡಿದ್ದ ವೆಂಕಟಮ್ಮನ ಹೋಟೆಲಿನ ಹಿಂದಿನ ಶೀಟಿನ ಶೆಡ್ಡಿನಲ್ಲಿ ಸೇರುವುದು, ಬೋಂಡಾ ತಿನ್ನುವುದು, ಕತ್ತಲಾಗುವ ಮೊದಲು ಮನೆಗೆ ಹೋಗುವುದು.

ಪುಸ್ತಕದ ಪ್ರಕಾರ ಯಾರ ಸರದಿ ಮೊದಲು ಅಂತ ದಾಳ ಹಾಕಿ ನೋಡಬೇಕು. ಮೊದಲ ಶನಿವಾರ ಹಾಗೇ ಮಾಡಿದರು. ಉಪೇಂದ್ರನಿಗೆ ಹತ್ತೊಂಬತ್ತು ಬಿತ್ತು, ನರಸಿಂಹಯ್ಯನವರಿಗೆ ಎರಡು. ನರಸಿಂಹಯ್ಯನವರು ಟೀ ಲೋಟ ಕುಕ್ಕಿದ ಸದ್ದಿಗೆ ಹೆಸರಘಟ್ಟದ ಕೆರೆಯ ಕೊಕ್ಕರೆಗಳೆಲ್ಲ ಹಾರಿಹೋದವಂತೆ.

"ಇಪ್ಪತ್ತೊಂದು ವರ್ಷ ಸರ್ವಿಸ್ ಕಣ್ರೀ ನಂದು! ನಿನ್ನೆ ಮೊನ್ನೆ ಬಂದವನು ನನಗಿಂತ ಮುಂಚೆ ಕೈ ಎತ್ತೋದಾ?"

ಅವರ ಸಿಟ್ಟಿಗೆ ಕಾರಣವಿತ್ತು, ಎಲ್ಲರಿಗೂ ಗೊತ್ತಿತ್ತು. ಅವರಿಗೆ ಬರಬೇಕಾಗಿದ್ದ ಫೋರ್‌ಮನ್ ಕುರ್ಚಿಯನ್ನು ಆಡಳಿತದವರು ಮೀಸೆ ಸರಿಯಾಗಿ ಚಿಗುರದ ಒಬ್ಬ ಡಿಪ್ಲೊಮಾದವನಿಗೆ ಕೊಟ್ಟಿದ್ದರು. ಅವತ್ತಿನಿಂದ ಕ್ಯಾಂಟೀನಿನ ಸಾಲಿನಲ್ಲಿ ಯಾರಾದರೂ ಮುಂದೆ ನುಗ್ಗಿದರೂ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಮೂರು ವಾರ ಆಟಕ್ಕೆ ಮುಷ್ಕರ. ಆಮೇಲೆ ಒಪ್ಪಂದ, ಕಾರ್ಬನ್ ಇಟ್ಟು ಟೈಪ್ ಮಾಡಿದ ಮೂರು ಪ್ರತಿ. ನಾಲ್ಕನೇ ಕಲಮು: 'ಕಾದಾಟದಲ್ಲಿ ಭಾಗವಹಿಸುವ ಎಲ್ಲರ ಸರದಿಯೂ, ಯಾರು ಬೆಚ್ಚಿಬೀಳಲಿ ಬಿಡಲಿ, ಸರ್ವಿಸ್ ಪ್ರಕಾರವೇ ನಡೆಯತಕ್ಕದ್ದು.' ಒಂಬತ್ತನೇ ಕಲಮು: 'ಖಾಲಿ ಬಿದ್ದ ಸರದಿಯು ಹಾಜರಿರುವವರಲ್ಲಿ ಹಿರಿಯರಾದವರಿಗೆ ಸಲ್ಲತಕ್ಕದ್ದು.'

ಉಪೇಂದ್ರನೂ ಸಹಿ ಹಾಕಿದ. ಯಾರೂ ಕೈ ತಿರುಚಲಿಲ್ಲ. ಇವತ್ತು ನಾನು ಕೊನೆ, ನಾಳೆ ಇನ್ನೊಬ್ಬ ಸೇರಿದರೆ ಅವನು ಕೊನೆ ಅಂತ ಅವನ ಎಣಿಕೆ. ಹದಿನಾಲ್ಕು ತಿಂಗಳಾದರೂ ಇನ್ನೊಬ್ಬ ಸೇರಲಿಲ್ಲ.

ರಕ್ಕಸರಿಗೆ ಸರ್ವಿಸ್ ಎಲ್ಲಿಂದ ಬರಬೇಕು? ನಿನ್ನೆ ಮೊಟ್ಟೆಯೊಡೆದು ಬಂದವು. 'ಅವೆಲ್ಲ ಟೆಂಪರವರಿ' ಅಂತ ನರಸಿಂಹಯ್ಯನವರು ಮೀಸೆ ತಿರುವಿ ಮೊದಲು ಹೊಡೆಯುತ್ತಿದ್ದರು, ಆಮೇಲೆ ದಾಸಪ್ಪ, ಆಮೇಲೆ ಶ್ಯಾಮಣ್ಣ. ಉಪೇಂದ್ರ ಬಾಯಿ ತೆರೆಯುವ ಹೊತ್ತಿಗೆ ಹೆಣಗಳು ತಣ್ಣಗಾಗಿರುತ್ತಿದ್ದವು. ಒಂದೊಂದು ದಿನ ರಕ್ಕಸರು ಗಟ್ಟಿಯಾಗಿದ್ದು, ಇನ್ನೇನು ತನ್ನ ಸರದಿ ಅನ್ನುವಾಗ ವೆಂಕಟಮ್ಮ ಟೀ ತರುತ್ತಿದ್ದಳು. ಟೀ ಆದ ಮೇಲೆ ಹೊಸ ಸುತ್ತು, ಮತ್ತೆ ನಂಬರ್ ಏಳರಿಂದ ಶುರು. ಅವನು ಮಾತ್ರ ಬರಲಿರುವ ಸರದಿಗಾಗಿ ಮಂತ್ರವನ್ನು ನಾಲಿಗೆಯ ತುದಿಯಲ್ಲಿ ಹೊರಳಿಸುತ್ತಾ, ಬಸ್ಸಿನಲ್ಲಿ, ಮೆಷಿನ್ನಿನ ಮುಂದೆ, ಮಗುವಿಗೆ ಹಾಲು ಕುಡಿಸುವಾಗ ಹೇಳಿಕೊಳ್ಳುತ್ತಿದ್ದ. ಅವನ ಎರಡು ವರ್ಷದ ಮಗಳು 'ಅಪ್ಪ' ಅನ್ನುವುದಕ್ಕಿಂತ ಮೊದಲು ಅರ್ಧ ಮಂತ್ರವನ್ನು ಕಲಿತಿದ್ದಳು ಅಂತ ಅವನ ಹೆಂಡತಿ ಸತ್ಯವತಿ ಬೀದಿಯೆಲ್ಲ ಹೇಳಿಕೊಂಡು ಬಂದಿದ್ದಳು.

ಆ ಕೊನೆಯ ಶನಿವಾರ ಬಿಸಿಲು ಹೇಗಿತ್ತೆಂದರೆ ಶೆಡ್ಡಿನ ಶೀಟು ತಾನೇ ಬೆವರುತ್ತಿತ್ತು. ಕೃಷ್ಣಸ್ವಾಮಿಗಳು ಕನ್ನಡಕ ಒರೆಸಿಕೊಂಡು ಕಥೆ ಎತ್ತಿದರು. ಸಣ್ಣ ಮನುಷ್ಯ, ಸಣ್ಣ ದನಿ. ಆದರೆ ಕಥೆ ಹೇಳಲು ಕೂತರೆ ಶೆಡ್ಡಿನ ಗೋಡೆಗಳು ಹಿಂದಕ್ಕೆ ಸರಿಯುತ್ತಿದ್ದವು.

"ನಾಲ್ಕೂ ಜನ ಗವಿಯೊಳಗೆ ಬಂದಿದ್ದೀರಿ. ಎದುರಿಗೆ ಚಿನ್ನದ ರಾಶಿ. ಯಾರೂ ಇಲ್ಲ. ನಡೆದೂ ನಡೆದೂ ಸುಸ್ತಾಗಿದೆ. ಏನು ಮಾಡ್ತೀರಿ?"

"ಮಲಗ್ತೀವಿ," ಅಂದರು ನರಸಿಂಹಯ್ಯನವರು. "ರಾಶಿ ಪಕ್ಕದಲ್ಲೇ. ಕಾವಲಿಗೆ ಉಪೇಂದ್ರ."

"ನಾನೇ ಯಾಕೆ ಸಾರ್ ಯಾವಾಗ್ಲೂ?"

"ನೈಟ್ ಶಿಫ್ಟ್ ಜೂನಿಯರ್‌ಗಲ್ಲದೆ ನನಗೆ ಹಾಕ್ತಾರೇನೋ?"

"ಒಳ್ಳೆ ಗಾಳಿ ಬರ್ತೈತೆ ಬಿಡು ಬಾಗ್ಲಲ್ಲಿ," ಅಂದ ದಾಸಪ್ಪ. "ನಿಂಗೇ ಲಾಭ ಮಗಾ."

ಉಪೇಂದ್ರ ಗವಿಯ ಬಾಯಲ್ಲಿ ಕಾವಲು ಕೂತ. ಅಂದರೆ ಬೆಂಚಿನ ತುದಿಗೆ ಸರಿದು ಕೂತ. ಕೃಷ್ಣಸ್ವಾಮಿಗಳು ದಾಳವನ್ನು ನಾಲ್ಕು ಸಲ ಉರುಳಿಸಿ, ಒಬ್ಬೊಬ್ಬರ ಮುಖವನ್ನೂ ನೋಡಿದರು.

"ಆಕಾಶದಲ್ಲಿ ರೆಕ್ಕೆಯ ಸದ್ದು. ದೊಡ್ಡ ಟಾರ್ಪಾಲು ಒದರಿದ ಹಾಗೆ. ನರಸಿಂಹಯ್ಯ, ನಿಮಗೆ ಕೇಳಿಸಿಲ್ಲ. ದಾಸಪ್ಪ, ಇಲ್ಲ. ಶ್ಯಾಮಣ್ಣ, ಗೊರಕೆ. ಉಪೇಂದ್ರ, ನಿಮಗೆ ಕೇಳಿಸ್ತಾ ಇದೆ. ಬೆಟ್ಟದ ಆಚೆಯಿಂದ ಘಟಸರ್ಪ ಬರ್ತಾ ಇದೆ. ಬಾಯಲ್ಲಿ ಬೆಂಕಿ."

 ಹದಿನಾಲ್ಕು ತಿಂಗಳಲ್ಲಿ ಎಷ್ಟೋ ರಕ್ಕಸರು, ಭೂತಗಳು, ನರಿಗಳು ಬಂದಿದ್ದವು. ಬೆಂಕಿ ಬಂದಿರಲಿಲ್ಲ.

"ಪುಸ್ತಕದಲ್ಲಿ ಏನಿದೆ ಅಂದ್ರೆ," ಕೃಷ್ಣಸ್ವಾಮಿಗಳು ಹಾಳೆ ತಿರುವದೆಯೇ ಹೇಳಿದರು, "ಕಾದಾಟ ಶುರುವಾಗುವಾಗ ಮೊದಲು ಯಾರು ಬೆಚ್ಚಿಬಿದ್ದರು ಅಂತ ನೋಡಬೇಕು. ಬೆಚ್ಚಿದವರು ಒಂದು ಸುತ್ತು ಕಂಬದ ಹಾಗೆ ಸುಮ್ಮನಿರಬೇಕು. ಬೆಚ್ಚದೇ ಇರೋನು ಆ ಸುತ್ತಲ್ಲಿ ತನ್ನ ಕೆಲಸ ಮಾಡಬಹುದು. ಸರ್ಪ ಇನ್ನೂ ಗವಿಗೆ ಬಂದಿಲ್ಲ. ಕಾವಲಿನವನಿಗೆ ಮಾತ್ರ ಗೊತ್ತು. ಆದ್ದರಿಂದ ಈ ಸುತ್ತು ಉಪೇಂದ್ರ ಒಬ್ಬರದೇ."

ಉಪೇಂದ್ರ ಎದ್ದೇ ನಿಂತ. ಮೂವರೂ ಅವನಿಂದ ಹತ್ತಡಿಯೊಳಗೆ ಇದ್ದರು. ಮಂತ್ರಕ್ಕೆ ಬೇಕಾಗಿದ್ದು ಅಷ್ಟೇ. ಅವನು ಉಸಿರು ತುಂಬಿಕೊಂಡ ರಭಸಕ್ಕೆ ಬೋಂಡಾದ ತಟ್ಟೆಯ ಮೇಲಿನ ಕಾಗದ ಅವನ ಕಡೆಗೆ ಹಾರಿತು.

"ಕೂತ್ಕೋ," ಅಂದರು ನರಸಿಂಹಯ್ಯನವರು.

"ಸಾರ್, ಪುಸ್ತಕದಲ್ಲೇ ಇದೆಯಂತೆ."

"ಒಪ್ಪಂದದಲ್ಲಿ ಏನಿದೆ ಹೇಳು. 'ಯಾರು ಬೆಚ್ಚಿಬೀಳಲಿ ಬಿಡಲಿ.' ಸುಮ್ಮನೆ ಬರೆಸಿದ್ನಾ ನಾನು? ಹಿಂದಿನ ಬಾಗಿಲಿಂದ ಪ್ರಮೋಷನ್ ಕೊಡೋರು ಯಾವಾಗ್ಲೂ ಒಂದು ಕಾರಣ ಹೇಳ್ತಾರೆ. ಇವನು ಬೆಚ್ಚಲಿಲ್ಲ, ಇವನು ಎಚ್ಚರವಾಗಿದ್ದ, ಇವನು ಡಿಪ್ಲೊಮಾ ಮಾಡಿದ್ದಾನೆ."

"ನರಸಿಂಹಯ್ಯ," ಕೃಷ್ಣಸ್ವಾಮಿಗಳ ದನಿ ಇನ್ನೂ ಸಣ್ಣದಾಯಿತು. "ಒಂದು ಸಲ ಯೋಚನೆ ಮಾಡಿ. ನೀವು ಮಲಗಿದ್ದೀರಿ."

"ಮಲಗಿದ್ರೆ ಸರ್ವಿಸ್ ಹೋಗುತ್ತೇನ್ರೀ?"

ವೆಂಕಟಮ್ಮ ಲೋಟ ತೆಗೆದುಕೊಂಡು ಹೋಗಲು ಬಂದವಳು ಅಲ್ಲೇ ನಿಂತಳು. ಈಗ ಕಾರ್ಖಾನೆಗಳು ಎದ್ದು ನಿಂತಿರುವ ಜಾಗದಲ್ಲೆಲ್ಲ ಒಂದು ಕಾಲಕ್ಕೆ ಅವಳ ಮನೆಯವರ ರಾಗಿ ಹೊಲ. ಅವಳು ಯಾರಿಗೂ ಹೆದರುತ್ತಿರಲಿಲ್ಲ.

"ಅಲ್ಲ ಕಣ್ರಪ್ಪ, ಆವು ಬರೋದು ಕಂಡಿದ್ದು ಅವ್ನು ತಾನೆ? ಕಂಡೋನು ಕೂಗ್ಬೇಕಾ, ಮಲಗಿರೋನು ಕೂಗ್ಬೇಕಾ?"

"ಅಕ್ಕ, ಇದು ಯೂನಿಯನ್ ವಿಷಯ."

"ಅಂಗಾರೆ ಸಾಯ್ರಿ," ಅಂದಳು. ಆದರೆ ಒಳಗೆ ಹೋಗಲಿಲ್ಲ.

ದಾಸಪ್ಪ ಕತ್ತು ಕೆರೆದುಕೊಂಡ. "ನಂಗೇನೋ ಉಪೇಂದ್ರ ಒಂದ್ಸಲ ಯೇಳ್ಕಳ್ಳಿ ಅನ್ಸುತ್ತೆ. ಪಾಪ, ಬಸ್ಸಲ್ಲೆಲ್ಲ ಅದೇ ಗೊಣಗ್ತಿರ್ತಾನೆ. ಪಕ್ಕದಲ್ಲಿ ಕೂತು ನಂಗೂ ಬಾಯಿಪಾಠ ಆಗೋಗೈತೆ."

"ಇವತ್ತು ಗವಿಯಲ್ಲಿ ನಿನ್ನ ದಾಟಿ ಹೋಗ್ತಾನೆ, ನಾಳೆ ಫರ್ನೇಸಲ್ಲಿ. ಆಮೇಲೆ ನನ್ನ ಹತ್ರ ಬಂದು ಅಳಬೇಡ."

ದಾಸಪ್ಪ ಬೋಂಡಾ ಬಾಯಿಗೆ ತುರುಕಿಕೊಂಡ. ತುಂಬಿದ ಬಾಯಿ ಯಾರ ಪರವಾಗಿಯೂ ಮಾತಾಡುವುದಿಲ್ಲ. ಶ್ಯಾಮಣ್ಣನ ಕಡೆ ಎಲ್ಲರೂ ನೋಡಿದರು. ಅವನು ಶರ್ಟಿನ ಗುಂಡಿ ಸರಿಮಾಡಿಕೊಂಡು, "ಕಾಗದದಲ್ಲಿ ಇದೆಯಲ್ಲ ಕಣ್ರೀ. ಕಾಗದದಲ್ಲಿ ಇರೋದು ಇದ್ದೇ ಇರುತ್ತೆ," ಅಂದ.

ಉಪೇಂದ್ರ ಇನ್ನೂ ನಿಂತೇ ಇದ್ದ. ಈಗ ಕೂಗಿಬಿಡಬೇಕು ಅನ್ನಿಸಿತು. ಎಲ್ಲರ ಮಾತಿನ ಮೇಲೆ, ಒಪ್ಪಂದದ ಮೇಲೆ, ಆ ಶೀಟು ಹಾರಿಹೋಗುವ ಹಾಗೆ ಮಂತ್ರ ಹೇಳಿಬಿಟ್ಟರೆ ಯಾರು ಏನು ಮಾಡುತ್ತಾರೆ? ಅವನ ಬಾಯಿ ತೆರೆಯಿತು ಕೂಡ. ಆದರೆ ನಾಲ್ಕು ವರ್ಷ ಹಿಂದೆ ಪ್ರೊಬೇಷನ್ನಿನಲ್ಲಿ ಕೈ ಬೆರಳು ಕತ್ತರಿಸಿಕೊಂಡಾಗ ಅವನ ಪರವಾಗಿ ಮ್ಯಾನೇಜರ್ ಕೋಣೆಯ ಬಾಗಿಲಲ್ಲಿ ಮೂರು ಗಂಟೆ ಕಾದು ನಿಂತವರು ಇದೇ ನರಸಿಂಹಯ್ಯನವರು. ಅವರು ಕೂತ್ಕೋ ಅಂದಾಗ ಕೂರದೇ ಇರುವುದು ಅವನ ಮೊಣಕಾಲುಗಳಿಗೆ ಗೊತ್ತಿರಲಿಲ್ಲ. ಕೂತ.

ಕೃಷ್ಣಸ್ವಾಮಿಗಳು ದಾಳವನ್ನು ಕೈಗೆತ್ತಿಕೊಂಡರು.

"ಹಾಗಾದ್ರೆ ನಾಲ್ಕನೇ ಕಲಮು. ಖಂಡಿತ ತಾನೇ?"

"ಖಂಡಿತ."

"ಭಾಗವಹಿಸುವ ಎಲ್ಲರಿಗೂ?"

"ಎಲ್ಲರಿಗೂ. ನಾನೇ ಬರೆಸಿದ ಮಾತು."

"ಘಟಸರ್ಪಕ್ಕೆ ಆರುನೂರ ನಲವತ್ತು ವರ್ಷ," ಅಂದರು ಕೃಷ್ಣಸ್ವಾಮಿಗಳು. "ಅದರ ಸರದಿ ಮೊದಲು."

ಶೆಡ್ಡಿನಲ್ಲಿ ಎಂಥ ಮೌನ ಬಿತ್ತೆಂದರೆ ಎರಡು ಮೈಲಿ ಆಚೆ ಜಾಲಹಳ್ಳಿ ಕ್ರಾಸಿನಲ್ಲಿ ಕಂಡಕ್ಟರ್ ಹರಿದ ಟಿಕೆಟ್ಟಿನ ಸದ್ದು ಕೇಳಿಸಿತು. ನರಸಿಂಹಯ್ಯನವರ ಮೀಸೆ ಮೊದಲು ಅಲುಗಿತು, ಆಮೇಲೆ ಬಾಯಿ.

"ಅದೆಲ್ಲ ಹೇಗೆ ನಂಬೋದು? ಅದರ ಅಪಾಯಿಂಟ್‌ಮೆಂಟ್ ಆರ್ಡರ್ ಎಲ್ಲಿ?"

ಕೃಷ್ಣಸ್ವಾಮಿಗಳು ತಿಂಗಳ ಹಿಂದೆಯೇ ಬರೆದಿಟ್ಟಿದ್ದ ತಮ್ಮ ನೋಟುಪುಸ್ತಕ ತಿರುಗಿಸಿ ತೋರಿಸಿದರು. ಅವರ ಮುದ್ದಾದ ಅಕ್ಷರ. ವಯಸ್ಸು: ಆರುನೂರ ನಲವತ್ತು. ಅದೇ ಗವಿ, ಅದೇ ಚಿನ್ನದ ಕಾವಲು.

"ಮಧ್ಯೆ ನೂರು ವರ್ಷ ನಿದ್ದೆ ಮಾಡಿತ್ತು ಅಂತ ಬರೆದಿದ್ದೀರಲ್ಲ! ಅದು ಬ್ರೇಕ್ ಇನ್ ಸರ್ವಿಸ್!"

"ಕಳೆಯಿರಿ. ಐನೂರ ನಲವತ್ತು."

"ಐನೂರ ನಲವತ್ತು," ಅಂತ ಶ್ಯಾಮಣ್ಣ ಸ್ಟೋರ್ಸಿನಲ್ಲಿ ಸಾಮಾನು ಕೂಗುವ ಹಾಗೆ ಕೂಗಿದ, ತನಗೇ ಗೊತ್ತಿಲ್ಲದೆ.

ಘಟಸರ್ಪ ಗವಿಯೊಳಗೆ ತಲೆ ಹಾಕಿತು. ಅದರ ತಲೆ ಎಷ್ಟು ದೊಡ್ಡದಿತ್ತು ಅಂದರೆ, ಎರಡು ಲಾರಿ ಪಕ್ಕಪಕ್ಕದಲ್ಲಿ ನಿಲ್ಲಿಸಿದ ಹಾಗೆ ಅಂತ ಕೃಷ್ಣಸ್ವಾಮಿಗಳು ಹೇಳಿದರು. ಕೇಳಿದವರಿಗೆ ಹತ್ತು ಲಾರಿ ಕಂಡಿತು. ಬಾಗಿಲಲ್ಲಿ ಕೂತ ಉಪೇಂದ್ರನ ತಲೆಯ ಮೇಲಿಂದಲೇ ಅದು ಕತ್ತು ಚಾಚಿ, ಮಲಗಿದ್ದವರ ಮೇಲೆ ಬೆಂಕಿ ಉಗುಳಿತು.

"ಒಬ್ಬೊಬ್ಬರೂ ದಾಳ ಹಾಕಿ. ಹದಿನಾಲ್ಕೋ ಅದಕ್ಕಿಂತ ಮೇಲೋ ಬಿದ್ರೆ ಜೀವ ಉಳಿಯುತ್ತೆ."

ದಾಸಪ್ಪನಿಗೆ ಆರು. ಅವನು ದಾಳವನ್ನೇ ನೋಡುತ್ತಾ, "ಪರ್ನೇಸಲ್ಲಿ ಇಪ್ಪತ್ತು ವರ್ಷ ಒಂದು ಬೊಬ್ಬೆ ಬಂದಿರ್ಲಿಲ್ಲ ನಂಗೆ," ಅಂದ. ಶ್ಯಾಮಣ್ಣನಿಗೆ ಒಂಬತ್ತು. ಅವನು ತನ್ನ ಪೂಜಾರಿಯ ವಿವರ ಬರೆದಿದ್ದ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ. ನರಸಿಂಹಯ್ಯನವರಿಗೆ ಹದಿನಾರು ಬಿತ್ತು. ಅವರು ಉಳಿದರು. ಭಟನ ಗಡ್ಡ ಹೋಯಿತು, ಗುರಾಣಿ ಕರಗಿ ಸಾರಾಯಿತು, ಆದರೂ ಉಳಿದರು.

"ಈಗ ನಿಮ್ಮ ಸರದಿ, ನರಸಿಂಹಯ್ಯ."

ಅವರು ಕತ್ತಿ ಬೀಸಿದರು. ಹದಿನೆಂಟು. ಒಳ್ಳೆಯ ಏಟು. ಬೇರೆ ದಿನವಾಗಿದ್ದರೆ ಐದು ರಕ್ಕಸರು ಎರಡೆರಡು ತುಂಡಾಗುತ್ತಿದ್ದರು. ಘಟಸರ್ಪ ಕತ್ತು ಕೊಡವಿಕೊಂಡಿತು, ಅಷ್ಟೇ.

"ದಾಸಪ್ಪನ ಸರದಿ," ಅಂದರು ಕೃಷ್ಣಸ್ವಾಮಿಗಳು. "ಖಾಲಿ."

ನರಸಿಂಹಯ್ಯನವರ ಕೈ ಅಭ್ಯಾಸದಿಂದ ದಾಳದ ಕಡೆ ಹೋಯಿತು. ಒಂಬತ್ತನೇ ಕಲಮಿನ ಪ್ರಕಾರ ಹದಿನಾಲ್ಕು ತಿಂಗಳು ಯಾರು ರಜೆ ಹಾಕಿದರೂ ಆ ಸರದಿ ಅವರದೇ ಆಗುತ್ತಿತ್ತು. ಅರ್ಧ ದಾರಿಯಲ್ಲಿ ಕೈ ನಿಂತಿತು. ಅವರು ಮೂರ್ಖರಲ್ಲ. ಹಾಜರಿರುವವರಲ್ಲಿ ಹಿರಿಯರು ಯಾರು ಅಂತ ಅವರಿಗೆ ಎಲ್ಲರಿಗಿಂತ ಮೊದಲು ಹೊಳೆದಿತ್ತು.

ಉಪೇಂದ್ರನಿಗೂ ಹೊಳೆಯಿತು. ಅವನು ಬೆಂಚಿನ ತುದಿಯಿಂದ ಜರುಗಿ ಅವರ ಹತ್ತಿರ ಬಂದ.

"ಸಾರ್, ಒಂಬತ್ತನೇ ಕಲಮು ಇವತ್ತೊಂದು ದಿನ ಬಿಟ್ಟುಬಿಡಿ ಸಾರ್. ಖಾಲಿ ಸರದಿ ಖಾಲಿಯಾಗೇ ಹೋಗ್ಲಿ. ಆಗ ನೆಟ್ಟಗೆ ನನ್ನ ಸರದಿ ಬರುತ್ತೆ. ನೀವು ಹತ್ತಡಿ ಒಳಗೇ ಇದ್ದೀರಿ. ನಾನು ಮಂತ್ರ ಹೇಳ್ತೀನಿ. ಅದು ಆರುನೂರು ವರ್ಷ ಉಗುಳಿದ್ರೂ ನಿಮಗೇನೂ ಆಗಲ್ಲ."

"ನೀನು?"

"ನನ್ನ ವಿಷಯ ಬಿಡಿ ಸಾರ್."

"ಬಿಡ್ರಿ ನರಸಿಂಹಣ್ಣ," ಸತ್ತ ದಾಸಪ್ಪ ಹೇಳಿದ. "ನೀವಾದ್ರೂ ಉಳ್ಕಳ್ಳಿ."

"ಒಂದು ಗೆರೆ ಎಳೆದು ತಿದ್ದುಪಡಿ ಮಾಡಬಹುದು," ಅಂದ ಶ್ಯಾಮಣ್ಣ. ಅವನ ಜೀವಮಾನದಲ್ಲಿ ಬಾಯಿಂದ ಬಂದ ಅತಿ ದೊಡ್ಡ ಕ್ರಾಂತಿಯ ಮಾತು ಅದು.

ಕೃಷ್ಣಸ್ವಾಮಿಗಳು ಬೇಡಿಕೊಳ್ಳುವ ಕಣ್ಣಿನಿಂದ ನೋಡುತ್ತಿದ್ದರು. ಆ ಸರ್ಪವನ್ನು ಸೃಷ್ಟಿಸಿದವರು ಅವರೇ, ಆದರೂ ಅದರ ಬಾಯಿ ಮುಚ್ಚಿಸುವುದು ಅವರ ಕೈಯಲ್ಲಿರಲಿಲ್ಲ.

ನರಸಿಂಹಯ್ಯನವರು ತಮ್ಮ ಅಂಗೈ ನೋಡಿಕೊಂಡರು. ಇಪ್ಪತ್ತೆರಡು ವರ್ಷ ಲೇತ್ ಹಿಡಿದ ಅಂಗೈ, ಕಬ್ಬಿಣದ ಪುಡಿ ಚರ್ಮದೊಳಗೆ ಹೋಗಿ ಹಚ್ಚೆಯಾಗಿತ್ತು.

"ಆಡಳಿತದವರಿಗೂ ನಾನು ಇದೇ ಹೇಳಿದ್ದು, ಆ ಫೋರ್‌ಮನ್ ವಿಷಯದಲ್ಲಿ," ಅಂದರು. "ನಿಯಮ ಇದೆಯಲ್ಲ ಸ್ವಾಮಿ ಅಂದೆ. 'ಇದೊಂದು ಸಲ ಬಿಡಿ ನರಸಿಂಹಯ್ಯ, ಎಲ್ಲರಿಗೂ ಒಳ್ಳೇದಾಗುತ್ತೆ' ಅಂದ್ರು. ನಿಜವಾಗ್ಲೂ ಒಳ್ಳೇದೇ ಆಯ್ತೇನೋ. ಆ ಹುಡುಗ ಕೆಲಸ ಚೆನ್ನಾಗೇ ಮಾಡ್ತಾನೆ." ಮೂಗು ಒರೆಸಿಕೊಂಡರು. "ನನಗೆ ಲಾಭ ಬಂದಾಗ ನಾನೂ ಇದೊಂದು ಸಲ ಅಂದ್ರೆ ಆಮೇಲೆ ನನ್ನ ಬಾಯಲ್ಲಿ ಇನ್ನೇನು ಉಳಿಯುತ್ತೋ?"

"ಸಾರ್, ಇದು ಆಟ."

"ಸಹಿ ನಂದೇ ತಾನೆ? ಸರ್ಪದ ಸರದಿ. ಆಡಿಸ್ರೀ ಕೃಷ್ಣಸ್ವಾಮಿ. ಸುಡಲಿ."

ಸುಟ್ಟಿತು. ನರಸಿಂಹಯ್ಯನವರಿಗೆ ಹದಿಮೂರು ಬಿತ್ತು, ಒಂದು ಕಡಿಮೆ. ಅವರು ದಾಳವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಒಳ್ಳೇ ಕೆಲಸ ಮಾಡಿದ್ದೀಯ ಕಣೋ, ಅಂಚು ಎಲ್ಲೂ ಸವೆದಿಲ್ಲ, ಅಂತ ಉಪೇಂದ್ರನ ಕೈಗೆ ಕೊಟ್ಟರು. ಉಪೇಂದ್ರ ಅದನ್ನು ಇಸಕೊಂಡ.

ಶ್ಯಾಮಣ್ಣನ ಸರದಿಯೂ ಖಾಲಿ, ಅದೂ ಸರ್ಪಕ್ಕೇ ಸಂದಿತು. ಆದರೆ ಪುಸ್ತಕದ ಪ್ರಕಾರ ಎರಡು ಸಲ ಉಗುಳಿದ ಮೇಲೆ ಅದು ಒಂದು ಸಲ ಉಸಿರು ತುಂಬಿಕೊಳ್ಳಬೇಕು. ತುಂಬಿಕೊಂಡಿತು. ಗವಿಯ ಗಾಳಿಯೆಲ್ಲ ಅದರ ಮೂಗಿಗೆ ಹೋಯಿತು.

ಆಮೇಲೆ ಕೃಷ್ಣಸ್ವಾಮಿಗಳು, ಈ ಆಟ ಶುರುವಾದಾಗಿನಿಂದ ಒಮ್ಮೆಯೂ ಹೇಳದೇ ಇದ್ದ ಮಾತು ಹೇಳಿದರು.

"ಉಪೇಂದ್ರ, ನಿಮ್ಮ ಸರದಿ."

ಹದಿನಾಲ್ಕು ತಿಂಗಳು ಅವನು ಈ ಕ್ಷಣವನ್ನು ಲಕ್ಷ ಸಲ ಕಂಡಿದ್ದ. ಸುತ್ತ ಜ್ವಾಲೆ, ಮಧ್ಯೆ ಗೆಳೆಯರು, ಒಬ್ಬರಿಗೂ ಬಿಸಿ ತಾಗಿಲ್ಲ, ಎಲ್ಲರೂ ತಿರುಗಿ ಅವನನ್ನೇ ನೋಡುತ್ತಿದ್ದಾರೆ. ಈಗಲೂ ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಹತ್ತಡಿ ಒಳಗೆ ಯಾರಿದ್ದಾರೆ ಸಾರ್?"

"ಯಾರೂ ಇಲ್ಲ."

"ಬೂದಿ?"

"ಬೂದಿ ಇದೆ."

"ಓಡೋ," ಅಂದರು ನರಸಿಂಹಯ್ಯನವರು. "ಬಾಗಿಲಲ್ಲೇ ಇದ್ದೀಯ. ಹೊರಗೆ ಹಾರು."

"ಊಂ ಕಣ್ಲಾ, ಓಡೋಗು," ಅಂದ ದಾಸಪ್ಪ.

"ಓಡೋದೇ ಸರಿ ಅಂತ ನನಗೂ ಅನ್ಸುತ್ತೆ," ಅಂದ ಶ್ಯಾಮಣ್ಣ. ಸತ್ತ ಮೇಲೂ ಮೂವರೂ ಸರ್ವಿಸ್ ಪ್ರಕಾರವೇ ಮಾತಾಡಿದರು.

ಓಡಿದರೆ ಮಂತ್ರವಾದಿ ಬದುಕುತ್ತಾನೆ. ಪುಸ್ತಕದಲ್ಲಿ ಹಾಗೇ ಇದೆ ಅಂತ ಕೃಷ್ಣಸ್ವಾಮಿಗಳೂ ತಲೆ ಆಡಿಸಿದರು. ಬದುಕಿ ಎಲ್ಲಿಗೆ ಹೋಗುತ್ತಾನೆ? ಸೋಮವಾರದಿಂದ ಆ ಗವಿಯೂ ಇಲ್ಲ, ಬೆಟ್ಟವೂ ಇಲ್ಲ, ಕಥೆ ಹೇಳುವವರೂ ಇಲ್ಲ. ಹೇಳದ ಮಂತ್ರವನ್ನು ಬಾಯಲ್ಲಿಟ್ಟುಕೊಂಡು ಪೀಣ್ಯದ ಬಸ್ಸಿನಲ್ಲಿ ನೇತಾಡುತ್ತಾ ಅವನು ಇರಬೇಕು, ಇನ್ನು ಯಾವ ಶನಿವಾರಕ್ಕೂ ಕಾಯದೆ.

"ಮಂತ್ರ ಹೇಳ್ತೀನಿ ಸಾರ್," ಅಂದ.

"ಯಾರ ಮೇಲೆ ಉಪೇಂದ್ರ?"

"ಇರೋದರ ಮೇಲೆ."

ಎದ್ದು ನಿಂತ. ಈ ಸಲ ಯಾರೂ ಕೂರು ಅನ್ನಲಿಲ್ಲ. ಹೇಳಿದ. ಮೊದಲೆರಡು ಸಾಲು ಗಂಟಲಲ್ಲೇ ಒಡೆದವು, ಮೂರನೆಯದರಿಂದ ದನಿ ಏರಿತು. ಆ ದನಿಗೆ ಶೆಡ್ಡಿನ ಬೋಲ್ಟುಗಳು ಸಡಿಲವಾದವು, ಗೊರಗುಂಟೆಪಾಳ್ಯದ ನಾಯಿಗಳು ಬೊಗಳುವುದು ನಿಲ್ಲಿಸಿದವು, ಕಾರ್ಖಾನೆಯ ವಾಚ್‌ಮನ್ ಗೇಟಿನ ಹತ್ತಿರ ಎದ್ದು ಸಲಾಮು ಹೊಡೆದ. ದಾಸಪ್ಪನ ತುಟಿಯೂ ಜೊತೆಗೆ ಆಡುತ್ತಿತ್ತು. ವೆಂಕಟಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ನಗುವುದಕ್ಕೋ ಬೇರೆಯದಕ್ಕೋ ಹೇಳುವುದು ಕಷ್ಟ. ಕೊನೆಯ ಸಾಲು ಮುಗಿದಾಗ ಉಪೇಂದ್ರನ ಶರ್ಟು ಹಿಂಡಿದರೆ ಒಂದು ಬಿಂದಿಗೆ ತುಂಬುವಷ್ಟು ಬೆವರು.

ಕೃಷ್ಣಸ್ವಾಮಿಗಳು ದಾಳ ಮುಟ್ಟಲಿಲ್ಲ.

"ಫಲಿಸಿತು," ಅಂದರು. "ಗವಿಯೊಳಗೆ ನೀಲಿ ಬೆಳಕು. ಮೂರು ಬೂದಿಯ ರಾಶಿಗಳ ಸುತ್ತ ಮೂರು ಬಳೆ. ಇನ್ನು ಅವನ್ನು ಯಾವ ಬೆಂಕಿಯೂ ಮುಟ್ಟುವುದಿಲ್ಲ."

ಯಾರೂ ನಗಲಿಲ್ಲ. ನರಸಿಂಹಯ್ಯನವರು, "ಚೆನ್ನಾಗಿ ಹೇಳಿದೆ," ಅಂದರು. 

"ಹೊಸ ಸುತ್ತು," ಅಂದರು ಕೃಷ್ಣಸ್ವಾಮಿಗಳು. ಮೊದಲ ಸರದಿ ಯಾರದು ಅಂತ ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. "ಉಪೇಂದ್ರ, ದಾಳ ಹಾಕಿ. ಉಳಿಯೋಕೆ ಬೇಕಾದದ್ದು ಹದಿನಾಲ್ಕು."

ಉಪೇಂದ್ರ ಹಾಕಿದ. ಬೆವತ ಕೈಯಿಂದ ದಾಳ ಜಾರಿ, ಬೆಂಚಿನ ಮೇಲೆ ಎರಡು ಸಲ ಪುಟಿದು, ಕೆಳಗೆ ಬಿದ್ದು, ಉರುಳುತ್ತಾ ಸೌದೆಯ ರಾಶಿಯ ಸಂದಿಗೆ ಹೋಯಿತು. ದಾಸಪ್ಪನೂ ಶ್ಯಾಮಣ್ಣನೂ ಮಂಡಿಯೂರಿ ಬೆಂಚಿನ ಕೆಳಗೆ ನುಗ್ಗಿದರು.

"ಮುಟ್ಟಬೇಡಿ, ಹಾಗೇ ನೋಡಿ!" ಅಂದರು ಕೃಷ್ಣಸ್ವಾಮಿಗಳು.

"ಕತ್ತಲು ಐತೆ. ನಾಕು ಇದ್ದಂಗೈತೆ."

"ನಾಲ್ಕಲ್ಲ ಕಣೋ, ಹದಿನಾಲ್ಕು. ಹಿಂದೆ ಒಂದು ಇದೆ, ಸೌದೆ ಅಡ್ಡ ಬಂದಿದೆ."

"ಎಲ್ಲೈತೆ ಒಂದು? ಅದು ಗೀರು."

"ಹೆಚ್ಚು ಕಡಿಮೆ ಹೇಳಬೇಡಿ ಇಬ್ಬರೂ," ನರಸಿಂಹಯ್ಯನವರು ಎದ್ದರು. "ನಾನು ನೋಡೋವರೆಗೆ ಅದು ಯಾವುದೂ ಅಲ್ಲ."

ಅವರಿಗೆ ಮಂಡಿ ನೋವು. ಒಂದು ಕೈ ಬೆಂಚಿನ ಮೇಲಿಟ್ಟು, ಇನ್ನೊಂದು ಕೈಯಿಂದ ಜೇಬಿನಲ್ಲಿ ಕನ್ನಡಕ ತಡಕುತ್ತಾ, ಒಂದೊಂದೇ ಕಾಲು ಮಡಿಸಿ ನೆಲಕ್ಕೆ ಇಳಿಯತೊಡಗಿದರು. ಉಪೇಂದ್ರ ಕೈಕಟ್ಟಿಕೊಂಡು ಕೂತು ಅವರು ಕೆಳಗೆ ಮುಟ್ಟುವುದನ್ನು ಕಾದ.